ಇನ್‌ಸ್ಪೆಕ್ಟರು ಬಂದರು, ಹೋದರು. ಧೂಳು ಅಲ್ಲೇ ಉಳೀತು

(ಚಿತ್ರದುರ್ಗದ ಒಂದು ವಿದ್ಯಾರ್ಥಿ ನಿಲಯದಲ್ಲಿ ಸೇರಿದ್ದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಆಡಿದ ಹಾಗೇ ಬರೆದುಕೊಂಡಿದ್ದೇವೆ.)



ಭಾನುವಾರ ಬಟ್ಟೆ ಒಗೆಯೋದು ಬಿಟ್ಟು ಬಂದು ಕೂತಿದ್ದೀರಿ. ಕೆಲಸದ ಜಾಗದ ಸುರಕ್ಷತೆ, ಅದರ ಕಾನೂನು, ಅದರ ತಪಾಸಣೆ ಅಂದರೆ ಯಾರಿಗೂ ರುಚಿಸುವ ವಿಷಯ ಅಲ್ಲ. ಅದಕ್ಕೇ ಮೊದಲು ಒಂದು ಪ್ರಶ್ನೆ ಕೇಳಿದೆವು. ಅಪ್ಪನೋ ಅವ್ವನೋ ಅಣ್ಣನೋ ಜಲ್ಲಿ ಕ್ರಷರಿನಲ್ಲಿ, ಕಲ್ಲು ಕ್ವಾರಿಯಲ್ಲಿ, ಇಟ್ಟಿಗೆ ಗೂಡಿನಲ್ಲಿ, ಹತ್ತಿ ಮಿಲ್ಲಿನಲ್ಲಿ, ವೆಲ್ಡಿಂಗ್ ಅಂಗಡಿಯಲ್ಲಿ ದುಡೀತಿರೋರು ಕೈ ಎತ್ತಿ ಅಂದೆವು. ಅರ್ಧಕ್ಕಿಂತ ಹೆಚ್ಚು ಕೈ ಎದ್ದವು. ಆಮೇಲೆ, ಮನೆಯವರದ್ದೇ ಒಂದು ಸಣ್ಣ ಕೆಲಸದ ಶೆಡ್ಡು ಇರೋರು ಯಾರು ಅಂತ ಕೇಳಿದಾಗ ಮೂರು ಕೈ ಎದ್ದವು. ಅವೂ ನಾಚಿಕೊಂಡು, ಕಿವಿಯ ತನಕ ಮಾತ್ರ. ನಾಚಿಕೊಳ್ಳುವ ಅಗತ್ಯ ಇಲ್ಲ. ಕೇರಿಯವನು ನಾಲ್ಕು ಜನಕ್ಕೆ ಕೆಲಸ ಕೊಟ್ಟರೆ ಅದು ತಪ್ಪಲ್ಲ. ಇವತ್ತಿನ ಮಾತು ಆ ಮೂರು ಕೈಗಳಿಗೂ ಉಳಿದ ಕೈಗಳಿಗೂ ನಡುವೆ ಏನಿದೆ ಅನ್ನೋದು.

ನಮ್ಮ ಅನುಭವಕ್ಕೆ ಬಂದ ಒಂದು ಸಂಗತಿ ಹೇಳ್ತೀವಿ. ಹೆಸರು ಬೇಡ, ಊರೂ ಬೇಡ. ಹೊಸದುರ್ಗದ ಕಡೆ ತೆಂಗು ಜಾಸ್ತಿ ನಿಮಗೆ ಗೊತ್ತು. ನಮ್ಮವನೇ ಒಬ್ಬ ಸಾಲ ಮಾಡಿ ತೆಂಗಿನ ನಾರು ತೆಗೆಯುವ ಸಣ್ಣ ಘಟಕ ಹಾಕಿದ. ಕರೆಂಟಿನ ಯಂತ್ರ, ಹನ್ನೊಂದು ಜನ ಕೆಲಸಕ್ಕೆ, ಎಲ್ಲರೂ ಹೆಚ್ಚೂಕಮ್ಮಿ ಕೇರಿಯವರೇ. ಒಂದು ದಿವಸ ಸಾಹೇಬ್ರು ಬಂದ್ರು. ಹಾಜರಿ ಪುಸ್ತಕ ಎಲ್ಲಿ, ರಜೆ ಪುಸ್ತಕ ಎಲ್ಲಿ, ಲೈಸನ್ಸ್ ಎಲ್ಲಿ, ಗೋಡೆ ಮೇಲೆ ಕಾನೂನಿನ ಸಾರಾಂಶ ಯಾಕೆ ಅಂಟಿಸಿಲ್ಲ ಅಂತ ಕೇಳಿದ್ರು. ಇವನ ಹತ್ತಿರ ಅರ್ಧ ಇತ್ತು, ಅರ್ಧ ಇರಲಿಲ್ಲ. ಕೋರ್ಟು, ದಂಡ ಅಂತ ಹೆದರಿಸಿ, ಮಾಮೂಲು ತಗೊಂಡು ಹೋದ್ರು. ಶೆಡ್ಡಿನ ಒಳಗೆ, ಯಂತ್ರದ ಹತ್ತಿರಕ್ಕೆ, ಅವರು ಹೋಗಲೇ ಇಲ್ಲ. ಧೂಳಿತ್ತಲ್ಲ.

ಆರು ತಿಂಗಳಾಯ್ತು. ಸಿಪ್ಪೆ ತಳ್ಳುತ್ತಿದ್ದ ಹೆಣ್ಣುಮಗಳೊಬ್ಬಳ ಎರಡು ಬೆರಳು ಆ ಯಂತ್ರದ ಬಾಯಿಗೆ ಹೋದವು. ಬಾಯಿಗೆ ಅಡ್ಡ ಜಾಲರಿ ಇರಲಿಲ್ಲ. ಮಾಲೀಕನೂ ನಮ್ಮ ಹತ್ತಿರ ಬಂದ, ಆಕೆಯ ಗಂಡನೂ ನಮ್ಮ ಹತ್ತಿರ ಬಂದ. ಮಾಲೀಕ ಹೇಳಿದ್ದು ಇಷ್ಟು: ‘ಅಣ್ಣಾ, ಕೊಡೋದು ಕೊಟ್ಟಿದ್ದೀನಿ, ಪುಸ್ತಕಾನೂ ಬರೆದಿಟ್ಟಿದ್ದೀನಿ. ಜಾಲರಿ ಹಾಕು ಅಂತ ಒಬ್ಬನಾದ್ರೂ ಹೇಳಿದ್ನಾ?’ ನಿಜ, ಯಾರೂ ಹೇಳಿರಲಿಲ್ಲ. ಗಂಡ ಏನೂ ಹೇಳಲಿಲ್ಲ. ಬ್ಯಾಂಡೇಜು ಸುತ್ತಿದ ಕೈ ತೋರಿಸು ಅಂತ ಹೆಂಡತಿಗೆ ಹೇಳಿ ಸುಮ್ಮನೆ ನಿಂತ. ನಾವು ಸಭೆಗಳಲ್ಲಿ ಮಾಲೀಕರು ಶೋಷಕರು ಅಂತ ಗಂಟಲು ಹರಿಯುವ ಹಾಗೆ ಕೂಗಿದ್ದವರು, ಅವತ್ತು ಯಾರ ಕಡೆ ಅಂತ ಹೇಳಲಾರದೆ ಕೂತೆವು. ಕೊನೆಗೆ, ಆಗ ಜಾರಿಯಲ್ಲಿದ್ದ 1923ರ ಕಾರ್ಮಿಕ ಪರಿಹಾರ ಕಾನೂನು ತೆಗೆದು ಓದಿ, ಕೊಡಬೇಕಾದ್ದು ಕೊಡಲೇಬೇಕು ಅಂತ ಅವನಿಗೆ ಹೇಳಿದೆವು. ಅವನು ಕಂತು ಕಂತಾಗಿ ಕೊಟ್ಟ. ಬೆರಳು ಬರಲಿಲ್ಲ. ಘಟಕವೂ ಒಂದು ವರ್ಷಕ್ಕೆ ಮುಚ್ಚಿತು, ಹನ್ನೊಂದು ಜನ ಬೆಂಗಳೂರು ಬಸ್ ಹತ್ತಿದರು.

ಇದರಿಂದ ಎರಡು ಪಾಠ ತೆಗೆಯೋರು ಇದ್ದಾರೆ. ಉದ್ದಿಮೆದಾರರ ಸಂಘಗಳ ಭಾಷಣ ಕೇಳಿ, ಪತ್ರಿಕೆಗಳ ವಾಣಿಜ್ಯ ಪುಟ ನೋಡಿ. ‘ಇನ್‌ಸ್ಪೆಕ್ಟರ್ ರಾಜ್ಯ ತೊಲಗಲಿ, ಸಣ್ಣವರ ಮೇಲಿನ ಕಾನೂನು ತೆಗೆಯಿರಿ’ ಅಂತಾರೆ. ನಮ್ಮಲ್ಲೇ ಕೆಲವರು ‘ಇನ್ನೂ ಜೋರಾಗಿ ದಂಡ ಹಾಕಿ’ ಅಂತಾರೆ. ಎರಡರಲ್ಲೂ ಆ ಜಾಲರಿ ಬರೋದಿಲ್ಲ. ನಮಗೆ ಬೇಕಾಗಿರೋದು ಜಾಲರಿ.

ಕಾನೂನಿನ ಲೆಕ್ಕ ಸ್ವಲ್ಪ ತಿಳಿಯೋಣ. 1948ರ ಕಾರ್ಖಾನೆ ಕಾಯ್ದೆಯಲ್ಲಿ, ವಿದ್ಯುತ್ ಬಳಸಿದರೆ 10 ಜನ, ಬಳಸದಿದ್ದರೆ 20 ಜನ ಇದ್ದರೆ ಅದು ಕಾರ್ಖಾನೆ. ಅದಕ್ಕೂ ಮೊದಲು ಬಾಬಾಸಾಹೇಬರು 1942ರ ಜುಲೈಯಿಂದ 1946ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ವಾರಕ್ಕೆ 54 ಗಂಟೆ ಇದ್ದ ಕಾರ್ಖಾನೆ ದುಡಿಮೆ 48 ಗಂಟೆಗೆ ಇಳಿದದ್ದು 1946ರಲ್ಲಿ, ಅವರ ಇಲಾಖೆಯ ಕೆಲಸದಿಂದ. 1943ರ ಡಿಸೆಂಬರಿನಲ್ಲಿ ಧನಬಾದಿನ ಕಲ್ಲಿದ್ದಲು ಗಣಿಗೆ ತಾವೇ ಇಳಿದು ನೋಡಿ ಬಂದರು. ಇಡೀ ದೇಶದ ಕಾರ್ಮಿಕ ಇಲಾಖೆ ನೋಡಿಕೊಳ್ಳೋ ಮನುಷ್ಯ ಗಣಿಯೊಳಗೆ ಇಳೀತಾರೆ, ನಮ್ಮ ಸಾಹೇಬ್ರು ನಾರಿನ ಶೆಡ್ಡಿನ ಒಳಗೆ ಕಾಲಿಡೋದಿಲ್ಲ!

ಸಣ್ಣವರಿಗೆ ಕಾನೂನು ಏನೂ ರಿಯಾಯಿತಿ ಕೊಡಲಿಲ್ಲ ಅನ್ನೋದು ಸುಳ್ಳು. ಪುಸ್ತಕ ಇಡೋದು, ವರದಿ ಕಳಿಸೋದು ಕಡಿಮೆ ಮಾಡೋಕೆ ಅಂತಲೇ 1988ರಲ್ಲಿ ಒಂದು ಕಾಯ್ದೆ ಬಂತು. ಆಗ 19 ಜನರ ತನಕ ಇದ್ದ ಘಟಕಕ್ಕೆ, 2014ರ ತಿದ್ದುಪಡಿ ಆದಮೇಲೆ 40 ಜನರ ತನಕ. ಅದೇ 2014ರ ಅಕ್ಟೋಬರಿನಿಂದ ಕೇಂದ್ರದ ತಪಾಸಣೆಗೆ ಯಾರು ಎಲ್ಲಿಗೆ ಹೋಗಬೇಕು ಅಂತ ಕಂಪ್ಯೂಟರು ಚೀಟಿ ಎತ್ತುವ ಪದ್ಧತಿ ಬಂತು. ಆಮೇಲೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ. ಇದು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಇದರಲ್ಲಿ ಕಾರ್ಖಾನೆ ಅನ್ನಿಸಿಕೊಳ್ಳೋಕೆ ವಿದ್ಯುತ್ ಇದ್ದರೆ 20, ಇಲ್ಲದಿದ್ದರೆ 40 ಜನ ಬೇಕು. ಮಾಲೀಕನ ಸಾಮಾನ್ಯ ಕರ್ತವ್ಯಗಳು 10 ಜನರಿಂದ ಅನ್ವಯ. ತೀರಾ ಅಪಾಯದ ಕೆಲಸವಾದರೆ ಎಷ್ಟೇ ಕಡಿಮೆ ಜನ ಇದ್ದರೂ ಸರ್ಕಾರ ಅಧಿಸೂಚನೆ ಹೊರಡಿಸಿ ಕಾನೂನಿನ ಒಳಗೆ ತರಬಹುದು. ತರಬಹುದು ಅಂತ ಇದೆ, ತರಲೇಬೇಕು ಅಂತ ಇಲ್ಲ. ಇನ್‌ಸ್ಪೆಕ್ಟರಿಗೂ ಹೊಸ ಹೆಸರು ಬಂದಿದೆ, ಇನ್‌ಸ್ಪೆಕ್ಟರ್ ಮತ್ತು ಫೆಸಿಲಿಟೇಟರ್, ಅಂದರೆ ತಪಾಸಣೆಯ ಜೊತೆಗೆ ಬುದ್ಧಿ ಹೇಳಿ ನೆರವಾಗೋನೂ ಹೌದು ಅಂತ.

ಹೆಸರು ಚೆನ್ನಾಗಿದೆ. ಆದರೆ ಅದೇ ಸಂಹಿತೆಯ ದಂಡದ ಭಾಗ ನೋಡಿ. ಬೇರೆ ದಂಡ ಹೇಳದ ಕಡೆ ಸಾಮಾನ್ಯ ಉಲ್ಲಂಘನೆಗೆ ಕನಿಷ್ಠ 2 ಲಕ್ಷ, ಗರಿಷ್ಠ 3 ಲಕ್ಷ ರೂಪಾಯಿ. ಸಾವಿರ ಜನರ ಸಿಮೆಂಟ್ ಕಂಪನಿಗೂ 2 ಲಕ್ಷ, ಹನ್ನೊಂದು ಜನರ ನಾರಿನ ಶೆಡ್ಡಿಗೂ 2 ಲಕ್ಷ. ಕಂಪನಿಗೆ ಅದು ಒಂದು ದಿನದ ಡೀಸೆಲ್ ಖರ್ಚಿಗೂ ಸಾಲದು, ನಾರಿನವನಿಗೆ ಯಂತ್ರ ಮಾರಿದರೂ ಹುಟ್ಟೋದಿಲ್ಲ. ಅಷ್ಟು ದಂಡ ತಲೆ ಮೇಲೆ ತೂಗ್ತಾ ಇದ್ದಾಗ ಅವನು ಏನು ಮಾಡ್ತಾನೆ? ಹತ್ತು ಸಾವಿರ ಮಾಮೂಲು ಕೊಡ್ತಾನೆ. ದಂಡ ಜಾಸ್ತಿ ಆದಷ್ಟೂ ಮಾಮೂಲಿನ ರೇಟು ಏರುತ್ತೆ. ಇಲ್ಲವೇ ಹದಿನೈದು ಜನರನ್ನ ಇಟ್ಟುಕೊಂಡು ಒಂಬತ್ತು ಹೆಸರು ಬರೀತಾನೆ. ಆರು ಜನ ದಾಖಲೆಯಲ್ಲೇ ಇಲ್ಲ. ಅವರು ಸತ್ತರೆ ಎಲ್ಲಿ ಸತ್ತರು ಅಂತ ಹೇಳೋಕೂ ಕಾಗದ ಇರೋದಿಲ್ಲ. ದಾಖಲೆಯಲ್ಲಿ ಇಲ್ಲದ ಆ ಆರು ಜನ ಯಾವ ಕೇರಿಯವರು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ.

ತಲೆ ಎಣಿಸಿ ಕಾನೂನು ಮಾಡಿದ್ದೇ ಮೊದಲ ತಪ್ಪು ಅಂತ ನಮ್ಮ ಅಭಿಪ್ರಾಯ. ಎಣಿಸಬೇಕಾದ್ದು ಅಪಾಯವನ್ನ. ಐವತ್ತು ಜನ ಕೂತು ಬೀಡಿ ಕಟ್ಟುವ ಮನೆಗಿಂತ ಮೂರು ಜನ ಕಲ್ಲಿಗೆ ಮದ್ದು ತುಂಬುವ ಕ್ವಾರಿ ಬೇಗ ಹೆಣ ಉರುಳಿಸುತ್ತೆ. ತಲೆ ಎಣಿಸದೆ ಕಾನೂನು ಮಾಡೋಕೆ ಆಗೋದಿಲ್ಲ ಅಂತ ಯಾರಾದ್ರೂ ಹೇಳಿದರೆ ಮಲದ ಗುಂಡಿಯ ಕಾನೂನು ತೋರಿಸಿ. ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲೇ, ದೇವರಾಜ ಅರಸರ ಸರ್ಕಾರದಲ್ಲಿ, ಮಂತ್ರಿ ಬಸವಲಿಂಗಪ್ಪನವರು ನಿಲ್ಲಿಸಿದರು. 2013ರ ಕಾಯ್ದೆ, ರಕ್ಷಣೆ ಇಲ್ಲದೆ ಗುಂಡಿಗೆ ಮನುಷ್ಯನನ್ನ ಇಳಿಸೋದೇ ಅಪರಾಧ ಅಂತ ಹೇಳಿತು. ಹತ್ತು ಜನರನ್ನ ಇಳಿಸಿದರೆ ಅಂತ ಹೇಳಲಿಲ್ಲ, ಒಬ್ಬನನ್ನ ಇಳಿಸಿದರೂ ಅಪರಾಧ. ಇಳಿಸಿದವನು ನಗರಸಭೆಯೋ, ಗುತ್ತಿಗೆದಾರನೋ, ಸ್ವಂತ ಮನೆಯ ಯಜಮಾನನೋ, ಎಲ್ಲರಿಗೂ ಅದೇ. ಸತ್ತವರ ಮನೆಗೆ 10 ಲಕ್ಷ ಅಂತ 2014ರಲ್ಲಿ, 30 ಲಕ್ಷ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇಷ್ಟಾದರೂ ಸಾಯೋದು ನಿಂತಿಲ್ಲ, ಅದು ಬೇರೆ ಮಾತು, ಇನ್ನೊಂದು ಶಿಬಿರದ ಮಾತು. ಆದರೆ ಜೀವ ಹೋಗುವ ಕಡೆ ಸಣ್ಣವನು ದೊಡ್ಡವನು ಅಂತ ನೋಡಬಾರದು ಅನ್ನೋ ತತ್ವ ಈ ನೆಲದ ಕಾನೂನಿನಲ್ಲೇ ಇದೆ.

ಈಗ ಕಲ್ಲಿಗೆ ಬರೋಣ. ದುರ್ಗದ ಜಿಲ್ಲೆ ಅಂದರೆ ಕಲ್ಲು. ಕೋಟೆ ನೋಡೋಕೆ ಬರೋರು ಏಳು ಸುತ್ತು ನೋಡಿ ಹೋಗ್ತಾರೆ, ಆ ಕಲ್ಲು ಒಡೆದ ಕೈ ಯಾವುದು ಅಂತ ಕೇಳೋದಿಲ್ಲ. ನಮ್ಮ ಭೋವಿ ಬಂಧುಗಳು ತಲೆಮಾರುಗಳಿಂದ ಸುತ್ತಿಗೆ, ಉಳಿ, ಬೆಣೆ ಹಿಡಿದವರು. ಅವರ ಗುರುಪೀಠ ಇರೋದೂ ಇದೇ ಚಿತ್ರದುರ್ಗದಲ್ಲಿ. ಇವತ್ತು ಆ ಸಮುದಾಯದಲ್ಲೇ ಕೂಲಿಯೂ ಇದ್ದಾನೆ, ನಾಲ್ಕು ಜನ ಕಟ್ಟಿಕೊಂಡು ಕೈಯಲ್ಲೇ ಕಲ್ಲು ತೆಗೆಯುವ ಸಣ್ಣ ಗುತ್ತಿಗೆಯವನೂ ಇದ್ದಾನೆ. ಗಣಿ ಕಾಯ್ದೆ 1952ರಲ್ಲಿ ಇಂಥವರಿಗೆ ವಿನಾಯಿತಿ ಇತ್ತು. ಕಟ್ಟಡದ ಕಲ್ಲು, ಜಲ್ಲಿ, ಮೊರಂ ತೆಗೆಯುವ ತೆರೆದ ಗುಂಡಿ 6 ಮೀಟರಿಗಿಂತ ಆಳ ಇರಬಾರದು, ಯಾವ ದಿನವೂ 50ಕ್ಕಿಂತ ಹೆಚ್ಚು ಜನ ಇರಬಾರದು, ಸಿಡಿಮದ್ದು ಬಳಸಬಾರದು. ಮೂರೂ ಸರಿ ಇದ್ದರೆ ಆ ಕಾಯ್ದೆಯ ಬಹುಪಾಲು ಅವರಿಗೆ ಅನ್ವಯಿಸುತ್ತಿರಲಿಲ್ಲ. ಇದು ಬುದ್ಧಿವಂತಿಕೆಯ ವಿನಾಯಿತಿ ಅಂತ ನಾವು ಹೇಳ್ತೀವಿ. ಯಾಕೆ ಅಂದ್ರೆ ಬರೀ ತಲೆ ಎಣಿಸಲಿಲ್ಲ, ಆಳ ಅಳೆದರು, ಮದ್ದು ಇದೆಯಾ ಅಂತ ಕೇಳಿದರು. ಆದರೆ ಆರು ಮೀಟರು ದಾಟಿದ್ದನ್ನ ಅಳೆಯೋಕೆ ಟೇಪು ಹಿಡಿದು ಯಾರು ಬಂದರು? ಗಣಿ ಸುರಕ್ಷತೆಯ ಕೇಂದ್ರ ನಿರ್ದೇಶನಾಲಯದ ಮುಖ್ಯ ಕಚೇರಿ ಧನಬಾದಿನಲ್ಲಿ. ಹೊಳಲ್ಕೆರೆ ಕಡೆಯ ಗುಂಡಿ ಅವರಿಗೆ ಎಷ್ಟು ದೂರ ಅಂತ ನೀವೇ ಲೆಕ್ಕ ಹಾಕಿ.

ಮದ್ದಿನ ಮಾತು ಬಂತು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಹುಣಸೋಡು ಹತ್ತಿರ ಕ್ರಷರಿನ ಜಾಗದಲ್ಲಿ ಸಿಡಿಮದ್ದು ತುಂಬಿದ್ದ ಲಾರಿ ಸಿಡಿಯಿತು. ಸುತ್ತ ಜಿಲ್ಲೆಯ ಜನ ಭೂಕಂಪ ಅಂತ ಮನೆಯಿಂದ ಆಚೆ ಓಡಿ ಬಂದರು. ಒಂದು ತಿಂಗಳು ಕಳೆದಿತ್ತು ಅಷ್ಟೇ, ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಅಲ್ಲಿ ಪೊಲೀಸ್ ದಾಳಿಯ ಭಯಕ್ಕೆ ಬಚ್ಚಿಟ್ಟಿದ್ದ ಜಿಲೆಟಿನ್ನನ್ನ ರಾತ್ರೋರಾತ್ರಿ ವಿಲೇವಾರಿ ಮಾಡೋಕೆ ಹೋಗಿದ್ದರು ಅಂತ ಆಗಿನ ವರದಿಗಳು ಹೇಳಿದವು. ಗಮನ ಇಟ್ಟು ಕೇಳಿ. ಹುಣಸೋಡು ಆದಮೇಲೆ ಎಲ್ಲಾ ಕಡೆ ದಾಳಿ ಶುರುವಾಯ್ತು. ದಾಳಿ ಬೇಡ ಅಂತ ನಾವು ಹೇಳೋದಿಲ್ಲ. ಆದರೆ ಅಕ್ರಮ ಮದ್ದು ಇಟ್ಟವನು ಅದನ್ನ ಜೀವಕ್ಕೆ ಅಪಾಯ ಇಲ್ಲದ ಹಾಗೆ ಎಲ್ಲಿಗೆ ತಂದು ಒಪ್ಪಿಸಬೇಕು, ಯಾರು ಬಂದು ತಗೊಂಡು ಹೋಗ್ತಾರೆ ಅನ್ನೋ ದಾರಿ ಇಲ್ಲದೆ ಬರೀ ಹೆದರಿಸಿದರೆ, ಮಾಲೀಕ ಆ ಕೆಲಸಕ್ಕೆ ಕೂಲಿಯವರನ್ನೇ ಕಳಿಸ್ತಾನೆ. ಅಪಾಯ ಬಚ್ಚಿಟ್ಟ ಕಡೆಗೆ ಹೋಗುತ್ತೆ, ಅದನ್ನ ಹೊರೋ ಕೈ ನಮ್ಮದೇ ಆಗಿರುತ್ತೆ.

ಮದ್ದು ಸಿಡಿದರೆ ಪೇಪರಿಗೆ ಬರುತ್ತೆ. ಧೂಳಿನ ಸಾವು ಬರೋದಿಲ್ಲ. ಕ್ರಷರಿನಲ್ಲಿ ಕಲ್ಲು ಪುಡಿಯಾಗುವಾಗ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಕೆಟ್ಟದ್ದು. ಕಲ್ಲಿನೊಳಗಿನ ಸಿಲಿಕಾ ಸಣ್ಣ ಕಣವಾಗಿ ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಕೂರುತ್ತೆ, ಸುತ್ತ ಗಾಯದ ಕಲೆ ಕಟ್ಟುತ್ತೆ, ಮೆತ್ತಗಿದ್ದ ಶ್ವಾಸಕೋಶ ಗಟ್ಟಿಯಾಗುತ್ತೆ. ಅದಕ್ಕೆ ಸಿಲಿಕೋಸಿಸ್ ಅಂತಾರೆ. ವರ್ಷಗಟ್ಟಲೆ ಗೊತ್ತೇ ಆಗೋದಿಲ್ಲ. ಗೊತ್ತಾದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ಇದು ಇದ್ದವರಿಗೆ ಟಿಬಿ ಬೇಗ ಅಂಟುತ್ತೆ, ಟಿಬಿ ಇಲ್ಲದಿದ್ದರೂ ಕೆಮ್ಮು ಸುಸ್ತು ನೋಡಿ ಟಿಬಿ ಅಂತಲೇ ಮಾತ್ರೆ ಕೊಡ್ತಾರೆ. ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸು ಇರುತ್ತೆ, ಊರು ಇರುತ್ತೆ, ಏನು ಕೆಲಸ ಮಾಡ್ತಾನೆ ಅನ್ನೋದು ಇರೋದಿಲ್ಲ. 1948ರ ಕಾಯ್ದೆಯಲ್ಲೇ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ರೋಗ, ಡಾಕ್ಟರು ಮುಖ್ಯ ತಪಾಸಣಾಧಿಕಾರಿಗೆ ಬರೆಯಬೇಕಿತ್ತು. ರಾಜಸ್ಥಾನದಲ್ಲಿ ಕಲ್ಲು ಗಣಿಯ ಕಾರ್ಮಿಕರು ಹೋರಾಡಿ ಹೋರಾಡಿ 2019ರಲ್ಲಿ ಒಂದು ನೀತಿ ಪಡೆದರು. ರೋಗ ದೃಢಪಟ್ಟರೆ ಸರ್ಕಾರದಿಂದ 3 ಲಕ್ಷ, ಸತ್ತರೆ ಮನೆಯವರಿಗೆ 2 ಲಕ್ಷ. ಅಲ್ಲಿ ಯಾವ ಮಾಲೀಕನ ಹತ್ತಿರ ದುಡಿದೆ ಅಂತ ಸಾಬೀತು ಮಾಡು ಅಂತ ರೋಗಿಯನ್ನ ಅಲೆದಾಡಿಸೋದಿಲ್ಲ. ಇವತ್ತು ಒಂದು ಕ್ರಷರು, ನಾಳೆ ಇನ್ನೊಂದು ಅಂತ ದುಡಿದವನಿಗೆ ಅದೇ ದೊಡ್ಡ ನ್ಯಾಯ.

ಧೂಳು ತಡೆಯೋದು ರಾಕೆಟ್ ವಿದ್ಯೆ ಏನಲ್ಲ. ಕಲ್ಲು ಬೀಳುವ ಕಡೆ, ಜಲ್ಲಿ ಉದುರುವ ಕಡೆ ನೀರಿನ ಸಿಂಪಡಣೆ, ಬೆಲ್ಟಿನ ಮೇಲೆ ತಗಡಿನ ಮುಚ್ಚಿಗೆ, ಕುಳಿ ಕೊರೆಯುವಾಗ ನೀರು ಬಿಟ್ಟು ಕೊರೆಯೋದು, ತಿರುಗುವ ಚಕ್ರಕ್ಕೆ ಜಾಲರಿ. ಬಾಯಿಗೆ ಟವೆಲು ಕಟ್ಟಿಕೊಂಡರೆ ಸಾಲದು, ಸಣ್ಣ ಕಣ ಟವೆಲಿನ ನೂಲಿನ ನಡುವೆ ನುಸುಳುತ್ತೆ. ನಮ್ಮ ಕಡೆ ಕಷ್ಟ ಇರೋದು ನೀರಿನದು. ಹಿರಿಯೂರಿನ ಪಕ್ಕದಲ್ಲೇ ಮಾರಿಕಣಿವೆ ಇದ್ದರೂ ಬೇಸಿಗೆಯಲ್ಲಿ ಹಳ್ಳಿಗೆ ಟ್ಯಾಂಕರು ಬರುತ್ತೆ. ಕುಡಿಯೋಕೆ ನೀರಿಲ್ಲದ ಕಡೆ ಕಲ್ಲಿಗೆ ನೀರು ಹಾಕು ಅಂದರೆ ಸಣ್ಣ ಕ್ರಷರಿನವನು ಮೋಟರು ಆಫ್ ಮಾಡಿ, ಸಾಹೇಬ್ರು ಬಂದಾಗ ಮಾತ್ರ ಆನ್ ಮಾಡ್ತಾನೆ. ನಾವು ಕಣ್ಣಾರೆ ನೋಡಿದ್ದೀವಿ.

ದುಡ್ಡು ಇಲ್ಲ ಅಂತ ಸರ್ಕಾರ ಹೇಳೋ ಹಾಗಿಲ್ಲ. 2011ರ ಜುಲೈಯಲ್ಲಿ ಬಳ್ಳಾರಿಯಲ್ಲಿ, ಆಗಸ್ಟಿನಲ್ಲಿ ನಮ್ಮ ಚಿತ್ರದುರ್ಗ ಮತ್ತು ತುಮಕೂರಿನಲ್ಲಿ ಸುಪ್ರೀಂ ಕೋರ್ಟು ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಭೀಮಸಮುದ್ರದ ಕಡೆಯವರಿಗೆ ಅದಿರು ಲಾರಿಯ ಕೆಂಪು ಧೂಳು ನೆನಪಿರುತ್ತೆ. ಆಮೇಲೆ ಏನಾಯ್ತು? ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿದರು. ತೀರಾ ಕೆಟ್ಟ ‘ಸಿ’ ಗುತ್ತಿಗೆಗಳು 2013ರ ತೀರ್ಪಿನಲ್ಲಿ ರದ್ದಾದವು, ಅದು ಸರಿ. ಉಳಿದ ದೊಡ್ಡವರಿಗೆ ತಜ್ಞ ಸಂಸ್ಥೆಯಿಂದ ಒಂದೊಂದು ಗಣಿಗೂ ಸುಧಾರಣಾ ಯೋಜನೆ ಬರೆಸಿ, ಇದನ್ನ ಮಾಡಿ ಆಮೇಲೆ ಕೆಲಸ ಶುರುಮಾಡಿ ಅಂದರು. ನೋಡಿ, ದೊಡ್ಡವನು ತಪ್ಪು ಮಾಡಿದಾಗ ತಿದ್ದಿಕೊಳ್ಳೋಕೆ ತಜ್ಞರು, ನಕ್ಷೆ, ಕಾಲಾವಕಾಶ. ಸಣ್ಣವನಿಗೆ ಯಾವ ತಜ್ಞನೂ ಬರಲಿಲ್ಲ. ಆ ಗಣಿ ಪ್ರಕರಣದಿಂದ ಕೂಡಿದ ಹಣದಲ್ಲಿ ಆ ಜಿಲ್ಲೆಗಳಿಗೆ 24,996 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. ಇದಲ್ಲದೆ 2015ರ ಕಾನೂನಿನ ಪ್ರಕಾರ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆ ಇದೆ. ಈ ಹಣದಲ್ಲಿ ಒಂದು ಎಕ್ಸ್‌ರೇ ವ್ಯಾನು ಹೊಳಲ್ಕೆರೆ, ಹೊಸದುರ್ಗದ ಕ್ರಷರುಗಳ ಬಾಗಿಲಿಗೆ ಹೋಗಬಾರದೇ? ಸಣ್ಣ ಘಟಕಕ್ಕೆ ಜಾಲರಿ, ಮುಚ್ಚಿಗೆ ಹಾಕಿಸೋಕೆ ಬಡ್ಡಿ ಇಲ್ಲದ ಸಾಲ ಕೊಡಬಾರದೇ? ಗಣಿಯ ದುಡ್ಡಿನಲ್ಲಿ ಸಮುದಾಯ ಭವನ ಕಟ್ಟೋದು ಸುಲಭ, ಕಲ್ಲಿನ ಫಲಕದಲ್ಲಿ ಹೆಸರು ಬರುತ್ತೆ. ಜಾಲರಿ ಮೇಲೆ ಯಾರ ಹೆಸರೂ ಬರೋದಿಲ್ಲ.

ಹೊರದೇಶದ ಒಂದು ಮಾತು. ಅಮೆರಿಕದಲ್ಲಿ 1970ರ ಸುರಕ್ಷತಾ ಕಾನೂನು ಬಂದಮೇಲೆ ಅಲ್ಲೂ ಸಣ್ಣ ಉದ್ದಿಮೆಯವರು ಇದೇ ಗಲಾಟೆ ಮಾಡಿದರು. ಅಲ್ಲಿ ಒಂದು ದಾರಿ ಮಾಡಿಕೊಂಡಿದ್ದಾರೆ. ದಂಡ ಹಾಕೋ ಇನ್‌ಸ್ಪೆಕ್ಟರು ಬೇರೆ, ಸಲಹೆ ಕೊಡೋನು ಬೇರೆ. ಸಣ್ಣ ಮಾಲೀಕ ತಾನೇ ಕರೆದರೆ ಸಲಹೆಗಾರ ಬಿಟ್ಟಿಯಾಗಿ ಬಂದು ಯಂತ್ರ ನೋಡಿ ತಪ್ಪು ತೋರಿಸ್ತಾನೆ, ದಂಡ ಇಲ್ಲ. ಆದರೆ ಗಂಭೀರ ಅಪಾಯ ಕಂಡರೆ ಒಪ್ಪಿಕೊಂಡ ಗಡುವಿನೊಳಗೆ ಸರಿ ಮಾಡಲೇಬೇಕು. ದಂಡವೂ ಘಟಕದ ಗಾತ್ರ ನೋಡಿ ಇಳಿಯುತ್ತೆ. ಅಮೆರಿಕದ್ದೆಲ್ಲ ಒಳ್ಳೇದು ಅಂತಲ್ಲ. ಹತ್ತು ಅಥವಾ ಕಡಿಮೆ ಜನ ಇರುವ ಹೊಲದ ಕೆಲಸವನ್ನ ಅವರೂ ತಪಾಸಣೆಯಿಂದ ಹೊರಗಿಟ್ಟಿದ್ದಾರೆ, ಅಲ್ಲಿ ಸಾಯೋದು ಅವರ ಬಡವರು. ಆದರೆ ಸಲಹೆ ಮತ್ತು ದಂಡವನ್ನ ಬೇರೆ ಬೇರೆ ಕೈಗೆ ಕೊಟ್ಟಿದ್ದು ಕಲಿಯಬೇಕಾದ್ದು. ನಮ್ಮ ಸಂಹಿತೆ ಎರಡನ್ನೂ ಒಬ್ಬನೇ ಮನುಷ್ಯನ ಕೈಗೆ ಕೊಟ್ಟಿದೆ. ಸಲಹೆ ಕೊಡೋಕೆ ಬಂದವನ ಜೇಬಿನಲ್ಲೇ ದಂಡದ ಪುಸ್ತಕ ಇದ್ದರೆ ಯಾವ ಮಾಲೀಕ ಬಾಯಿ ಬಿಟ್ಟು ‘ನನ್ನ ಯಂತ್ರದಲ್ಲಿ ತಪ್ಪಿದೆ, ನೋಡಿ’ ಅಂತಾನೆ?

ಇನ್ನು ಯಂತ್ರ ಮಾಡಿ ಮಾರೋನು. ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟವರು ದೇಶದಲ್ಲಿ ಎಷ್ಟೋ ಜನ ಆದಮೇಲೆ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ಬಾಯಿಯ ಹತ್ತಿರ ಕೈ ಹೋಗದ ಹಾಗೆ ಯಂತ್ರವನ್ನ ತಯಾರು ಮಾಡುವಾಗಲೇ ಮಾಡಬೇಕು ಅನ್ನೋದು ಅದರ ಒಳ್ಳೇ ಗುಣ. ಸಣ್ಣ ಮಾಲೀಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ನಾರಿನ ಯಂತ್ರ ಮಾರಿದವನು ಜಾಲರಿ ಹಾಕಿಯೇ ಮಾರಿದ್ದರೆ ನಾವು ಮೊದಲು ಹೇಳಿದ ಕಥೆ ನಡೀತಾನೇ ಇರಲಿಲ್ಲ. ಹಾಗೇ ಜಲ್ಲಿ ಕೊಳ್ಳೋನು. ನಮ್ಮ ಜಿಲ್ಲೆಯ ನಡುವೆ ಹಾದುಹೋಗುವ ಹೆದ್ದಾರಿಗೆ ಜಲ್ಲಿ ಹೋಗೋದು ಎಲ್ಲಿಂದ? ದೊಡ್ಡ ಗುತ್ತಿಗೆದಾರ ರೇಟು ಇಳಿಸ್ತಾನೆ, ಸಣ್ಣ ಕ್ರಷರಿನವನು ನೀರಿನ ಖರ್ಚು ಉಳಿಸ್ತಾನೆ, ಕೂಲಿಯವನು ಧೂಳು ನುಂಗ್ತಾನೆ. ತಪಾಸಣೆ ಮಾತ್ರ ನಡುವಿನವನ ಹತ್ತಿರ ನಿಲ್ಲುತ್ತೆ. ಸುರಕ್ಷತೆಯ ಖರ್ಚು ಜಲ್ಲಿಯ ರೇಟಿನಲ್ಲೇ ಸೇರಿರಬೇಕು, ಅದು ಕೊಡದೆ ಕೊಂಡವನೂ ಜವಾಬ್ದಾರ ಆಗಬೇಕು.

ಒಬ್ಬ ಹುಡುಗ ಮಧ್ಯದಲ್ಲಿ ಎದ್ದು, ‘ಅಣ್ಣಾ, ಸಣ್ಣ ಮಾಲೀಕನ ಪರ ಮಾತಾಡಿದರೆ ಕೊನೆಗೆ ಮಾಲೀಕರ ಪರ ಆದಂಗೆ ಅಲ್ವಾ?’ ಅಂತ ಕೇಳಿದ. ಒಳ್ಳೇ ಪ್ರಶ್ನೆ. ಸಣ್ಣವರ ಹೆಸರು ಹೇಳಿ ದೊಡ್ಡವರು ಲಾಭ ಮಾಡಿಕೊಳ್ಳೋದು ನಿಜ. ಕಾರ್ಖಾನೆಯ ಮಿತಿಯನ್ನ 10ರಿಂದ 20ಕ್ಕೆ ಏರಿಸಿದ್ದು ಸಣ್ಣವರ ಕಣ್ಣೀರು ತೋರಿಸಿಯೇ. ಅದಕ್ಕೇ ನಾವು ಹೇಳೋದು, ಸಣ್ಣವನಿಗೆ ರಿಯಾಯಿತಿ ಕಾಗದದಲ್ಲಿ ಕೊಡಿ, ಗಡುವಿನಲ್ಲಿ ಕೊಡಿ, ದಂಡದ ಮೊತ್ತದಲ್ಲಿ ಕೊಡಿ, ಸಾಲದಲ್ಲಿ ಕೊಡಿ. ಬೆರಳಿನಲ್ಲಿ, ಶ್ವಾಸಕೋಶದಲ್ಲಿ ಕೊಡಬೇಡಿ. ಜಾಲರಿ ಇಲ್ಲದ ಯಂತ್ರ ಅವತ್ತೇ ನಿಲ್ಲಬೇಕು, ಅದು ನಮ್ಮ ಕೇರಿಯವನದಾದರೂ ಸರಿ. ಪುಸ್ತಕ ಬರೆಯೋಕೆ ಮೂರು ತಿಂಗಳು ತಗೊಳ್ಳಲಿ. ತಪಾಸಣೆಗೆ ಬಂದವರು ನೋಟೀಸನ್ನ ಕನ್ನಡದಲ್ಲಿ ಬರೆಯಲಿ, ಒಂದು ಪ್ರತಿ ಮಾಲೀಕನಿಗೆ ಕೊಟ್ಟು ಇನ್ನೊಂದನ್ನ ಕೆಲಸಗಾರರು ಓದುವ ಹಾಗೆ ಬಾಗಿಲಿಗೆ ಅಂಟಿಸಲಿ. ಆಗ ಮಾಮೂಲು ಕೊಟ್ಟು ಮುಚ್ಚಿಹಾಕೋದು ಅಷ್ಟು ಸುಲಭ ಆಗೋದಿಲ್ಲ. ಮುನ್ಸೂಚನೆ ಇಲ್ಲದೆ, ಯಾವ ಹೊತ್ತಿನಲ್ಲಾದರೂ ಒಳಗೆ ಹೋಗೋ ಅಧಿಕಾರ ಇನ್‌ಸ್ಪೆಕ್ಟರಿಗೆ ಇರಬೇಕು ಅಂತ 1947ರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದ ಹೇಳುತ್ತೆ, ಭಾರತ ಅದನ್ನ 1949ರಲ್ಲೇ ಒಪ್ಪಿ ಸಹಿ ಹಾಕಿದೆ. ಕಂಪ್ಯೂಟರು ಚೀಟಿ ಎತ್ತಿ ಕಳಿಸೋದರಿಂದ ಮಾಮೂಲಿನ ದಾರಿ ಸ್ವಲ್ಪ ಮುಚ್ಚಬಹುದು. ಆದರೆ ಇಲ್ಲಿ ಕೆಮ್ಮು ಜಾಸ್ತಿ ಆಗಿದೆ ಬನ್ನಿ ಅಂತ ಕೂಲಿಯವನು ಕರೆದರೆ ಕಂಪ್ಯೂಟರಿಗೆ ಕೇಳಿಸೋದಿಲ್ಲ. ದೂರು ಬಂದ ಕಡೆ ಚೀಟಿ ಕಾಯದೆ ಹೋಗುವ ವ್ಯವಸ್ಥೆ ಬೇಕು.

ಈಗ ನಿಮ್ಮ ಕೆಲಸ. ದಸರಾ ರಜೆಗೆ ಊರಿಗೆ ಹೋಗ್ತೀರಿ. ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ನಿಮ್ಮ ಊರಿನ ಸುತ್ತ ಇರುವ ಕ್ರಷರು, ಕ್ವಾರಿ, ಇಟ್ಟಿಗೆ ಗೂಡು, ನಾರಿನ ಶೆಡ್ಡು, ಅಡಿಕೆ ಸುಲಿಯುವ ಯಂತ್ರ ನೋಡಿ ಬನ್ನಿ. ಎಷ್ಟು ಜನ ದುಡೀತಾರೆ, ಎಷ್ಟು ಹೆಸರು ಪುಸ್ತಕದಲ್ಲಿದೆ; ಬೆಲ್ಟಿಗೆ ಜಾಲರಿ ಇದೆಯಾ; ನೀರಿನ ಮೋಟರು ನೀವು ಹೋದಾಗ ಓಡ್ತಾ ಇತ್ತಾ; ಮದ್ದು ಎಲ್ಲಿಡ್ತಾರೆ, ಪಕ್ಕದಲ್ಲಿ ಮಕ್ಕಳು ಮಲಗ್ತಾರಾ; ಟಿಬಿ ಮಾತ್ರೆ ನುಂಗಿಯೂ ಕೆಮ್ಮು ನಿಲ್ಲದವರು ಎಷ್ಟು ಜನ, ಅವರು ಎಷ್ಟು ವರ್ಷ ಕಲ್ಲಿನ ಕೆಲಸ ಮಾಡಿದರು. ಮಾತಾಡಿದವರ ಹೆಸರು ಬರೆಯಬೇಡಿ, ಕೆಲಸ ಹೋಗುತ್ತೆ. ಮದ್ದಿನ ಹತ್ತಿರ ನೀವು ಹೋಗಬೇಡಿ, ಕೇಳಿ ತಿಳಿದುಕೊಂಡರೆ ಸಾಕು. ಮಾಲೀಕನನ್ನೂ ಕೇಳಿ: ಕಳೆದ ಸಲ ಸಾಹೇಬ್ರು ಬಂದಾಗ ಯಂತ್ರ ನೋಡಿದ್ರಾ, ಪುಸ್ತಕ ನೋಡಿದ್ರಾ? ಜಾಲರಿ ಹಾಕೋಕೆ ಎಷ್ಟು ಬೀಳುತ್ತೆ ಅಂತ ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ವಿಚಾರಿಸಿ ಅದನ್ನೂ ಬರೀರಿ. ಜಿಲ್ಲಾಧಿಕಾರಿಗಳ ಮುಂದೆ ಖನಿಜ ನಿಧಿಯ ಹಣ ಕೇಳುವಾಗ ಆ ಲೆಕ್ಕ ನಮ್ಮ ಕೈಯಲ್ಲಿ ಇರಬೇಕು.

ಮೊದಲು ಕೈ ಎತ್ತಿದ ಆ ಮೂವರು ಸ್ವಂತ ಮನೆಯ ಶೆಡ್ಡಿನಿಂದಲೇ ಶುರು ಮಾಡಿ. ಅಪ್ಪ ಬೈದರೆ ಬೈಸಿಕೊಳ್ಳಿ. ರಜೆ ಮುಗಿದ ಮೊದಲನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇಲ್ಲೇ ಸೇರೋಣ. ಹೊಸದುರ್ಗದವರಿಗೆ ದೂರ ಆಗುತ್ತೆ, ಹಿಂದಿನ ರಾತ್ರಿಯೇ ಬಂದರೆ ಹಾಸ್ಟೆಲಿನಲ್ಲಿ ಮಲಗೋಕೆ ಜಾಗ ಮಾಡ್ತೀವಿ, ಚಾಪೆ ಮಾತ್ರ ನೀವೇ ತನ್ನಿ.